ಕ್ಯಾಲ್ಕ್‌ನ ನೀಲಿ ಬಣ್ಣ ನಂಬಿ ಏಪ್ರಿಲ್ ಕಳೆದುಕೊಂಡೆ

ಎಕ್ಸೆಲ್ ತರಹದ ಲೆಕ್ಕದ ಹಾಳೆಯ ಸಾಫ್ಟ್‌ವೇರ್ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸೋಕೆ ಶುರು ಮಾಡಿ ಐದು ವರ್ಷ ದಾಟಿತು. ದುಡ್ಡು ಕೊಡಬೇಕಿಲ್ಲ, ಅದೇ ಕಾರಣ. ಹನುಮಂತನಗರದ ಮನೆಯಲ್ಲಿ ಕೂತು ಚಿಕ್ಕಪೇಟೆಯ ಮೂರು ಸೀರೆ ಅಂಗಡಿಗಳ ಲೆಕ್ಕ ಬರೆಯುವವಳು ನಾನು, ವರ್ಷ ವರ್ಷ ಚಂದಾ ಕಟ್ಟುವ ಸಾಫ್ಟ್‌ವೇರ್ ನನಗೆ ಗಿಟ್ಟುವುದಿಲ್ಲ. ಚಾರ್ಟು, ಪಿವಟ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳುವುದು ಕಂಟ್ರೋಲ್ ಜೊತೆ ಎಫ್8 ಒತ್ತಿದರೆ ಬರುವ ಬಣ್ಣಗಳ ಬಗ್ಗೆ ಮಾತ್ರ.

ಅಂಗಡಿಯವರು ಕಳಿಸುವ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಸಾದಾ ಪಠ್ಯ) ಫೈಲಿನಲ್ಲಿ 'ಹಣ ಬಂದ ದಿನ' ಅಂತ ಒಂದು ಕಾಲಂ ಇದೆ. ಒಂದು ಸಾಲಿನಲ್ಲಿ 03/04/2024, ಕೆಳಗೆ 'ಪೆಂಡಿಂಗ್', ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ 'ಹಬ್ಬ ಆದ್ಮೇಲೆ'. ಯಾವ ಹಬ್ಬ ಅಂತ ಬರೆದವರಿಗೇ ಗೊತ್ತು. ತಾರೀಖನ್ನೂ ಮಾತನ್ನೂ ಬೇರೆ ಮಾಡದೆ ನನ್ನ ಕೆಲಸ ಮುಂದೆ ಹೋಗುವುದಿಲ್ಲ.

ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಫೈಲ್ ತೆಗೆದು ಆ ಕೀಲಿ ಒತ್ತಿದರೆ ಸಂಖ್ಯೆಗಳೆಲ್ಲ ನೀಲಿ, ಅಕ್ಷರಗಳೆಲ್ಲ ಕಪ್ಪು, ಫಾರ್ಮುಲಾ ಹಸಿರು. ತಾರೀಖು ಕೂಡ ನೀಲಿ, ಯಾಕೆಂದರೆ ಕ್ಯಾಲ್ಕ್ ಅದನ್ನು ಒಳಗೆ ಸಂಖ್ಯೆಯಾಗಿಯೇ ಇಡುತ್ತದೆ, 1899ರ ಡಿಸೆಂಬರ್ 30ರಿಂದ ಎಣಿಸಿಕೊಂಡು ಬಂದು. 1 ಏಪ್ರಿಲ್ 2024 ಅದಕ್ಕೆ 45383. ಸಾಮಾನ್ಯವಾಗಿ ಸಂಖ್ಯೆ ಬಲಕ್ಕೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ ನಿಜ, ಆದರೆ ನನಗೆ ಎಲ್ಲ ಕಾಲಂ ನಡುವಿಗೆ ಜೋಡಿಸುವ ಚಟ, ಹಾಗಾಗಿ ಆ ಗುರುತು ಸಿಗುವುದಿಲ್ಲ. ಬಣ್ಣ ಬಂದ ಮೇಲೆ ಪಕ್ಕದಲ್ಲಿ ಎರಡು ಕಾಲಂ ಮಾಡಿ, ಸಂಖ್ಯೆಯೇ ಅಂತ ನೋಡುವ ಇಸ್‌ನಂಬರ್ ಫಾರ್ಮುಲಾ ಹೌದು ಅಂದದ್ದನ್ನು ಒಂದಕ್ಕೆ, ಅಕ್ಷರವೇ ಅಂತ ನೋಡುವ ಇಸ್‌ಟೆಕ್ಸ್ಟ್ ಹೌದು ಅಂದದ್ದನ್ನು ಇನ್ನೊಂದಕ್ಕೆ ಹಾಕುತ್ತೇನೆ. ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಖುಷಿಯಾ ಅಂತ ಮನೆಯವರು ನಗುತ್ತಾರೆ. ನಗಲಿ.

ಆಮೇಲೆ ಲ್ಯಾಪ್‌ಟಾಪ್ ಬದಲಾಯಿಸಿದೆ. ಹೊಸದರಲ್ಲಿ ಏಪ್ರಿಲ್ ಫೈಲ್ ತೆಗೆದರೆ 13ನೇ ತಾರೀಖಿನಿಂದ ಮುಂದೆ ಎಲ್ಲ ಕಪ್ಪು! ಸರಿ, ಅವುಗಳನ್ನು ಮಾತ್ರ ಆರಿಸಿ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡೇಟ್ ಡಿಎಂವೈ (ದಿನ, ತಿಂಗಳು, ವರ್ಷ) ಕೊಟ್ಟೆ, ನೀಲಿಯಾದವು, ಲೆಕ್ಕ ಕಳಿಸಿದೆ. ಸಂಜೆ ಅಂಗಡಿಯಿಂದ ಫೋನು. "ಮೇಡಂ, ಏಪ್ರಿಲ್ ಮೂರರ ದುಡ್ಡು ಹೋದ ವರ್ಷಕ್ಕೆ ಹೆಂಗೆ ಹೋಯ್ತು?"

ಮೊದಲೇ ನೀಲಿಯಾಗಿದ್ದವನ್ನು ನಾನು ನೋಡಿರಲೇ ಇಲ್ಲ. ಹೊಸ ಯಂತ್ರದಲ್ಲಿ ಲೊಕೇಲ್, ಅಂದರೆ ಯಾವ ದೇಶದ ರೂಢಿ ಅನ್ನುವ ಸೆಟ್ಟಿಂಗ್, ಅಮೆರಿಕದ್ದೇ ಉಳಿದಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ, ಹಾಗಾಗಿ 03/04 ಮಾರ್ಚ್ 4 ಆಗಿ ಹಿಂದಿನ ಹಣಕಾಸು ವರ್ಷಕ್ಕೆ ಜಾರಿತ್ತು. 13ನೇ ತಿಂಗಳು ಇಲ್ಲವಲ್ಲ, ಅದಕ್ಕೇ ಅಲ್ಲಿಂದ ಮುಂದಿನವು ಅಕ್ಷರವಾಗಿ ಉಳಿದಿದ್ದವು. ಏಪ್ರಿಲ್‌ನ ಮೊದಲ ಹನ್ನೆರಡು ದಿನದ ವಸೂಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹಂಚಿಹೋಗಿತ್ತು, ಎಲ್ಲದಕ್ಕೂ ತಾರೀಖು 4. ಸರಿಯಾಗಿ ಕೂತಿದ್ದು 04/04 ಒಂದೇ.

ತಪ್ಪು ನನ್ನದೇ. ಫೈಲ್ ತೆಗೆಯುವಾಗ ಬರುವ ಕಿಟಕಿಯಲ್ಲೇ ಆ ಕಾಲಂಗೆ ಡಿಎಂವೈ ಅಂತ ಹೇಳಬಹುದು, ನಾನು ಸುಮ್ನೆ ಓಕೆ ಒತ್ತುತ್ತಿದ್ದೆ. ಆದರೂ ಅಷ್ಟು ಚೆನ್ನಾಗಿ ಬಣ್ಣ ಹಚ್ಚುವ ಕ್ಯಾಲ್ಕ್ ಮೇಲೆ ಸ್ವಲ್ಪ ಕೋಪ ಬಂತು. ನೀಲಿ ಅಂದರೆ ಸಂಖ್ಯೆ ಅಷ್ಟೇ, ಸರಿಯಾದ ತಾರೀಖು ಅಂತೇನಲ್ಲ. ಈಗ ಲೊಕೇಲ್ ಇಂಗ್ಲಿಷ್ ಇಂಡಿಯಾ ಮಾಡಿಟ್ಟಿದ್ದೇನೆ, ಆ ಕಿಟಕಿಯನ್ನೂ ಓದುತ್ತೇನೆ.

ನಾಲ್ಕು ಸ್ಟಾರ್. ಇನ್ನೊಂದನ್ನು ಹಿಡಿದಿಟ್ಟಿದ್ದು ಹೋದ ತಿಂಗಳ ಕಥೆಗೆ. ಅಂಗಡಿ ಹುಡುಗ ಮೊತ್ತದ 1500 ಅನ್ನು ತಾರೀಖಿನ ಕಾಲಂನಲ್ಲಿ ಹೊಡೆದಿದ್ದ, ಅದೂ ನೀಲಿಯಾಗಿ ಇಸ್‌ನಂಬರ್ ದಾಟಿ ನನ್ನ ಪಟ್ಟಿಗೆ ಬಂದು ಕೂತಿತು, 08/02/1904 ಅಂತ. ಅಂಗಡಿ ಆಗ ಹುಟ್ಟೇ ಇರಲಿಲ್ಲ. ಈಗ 45000ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ತಗೋ ಅಂತ ಫಾರ್ಮುಲಾದಲ್ಲಿ ಸೇರಿಸಿದ್ದೇನೆ.