ಸಗಟು ಮಳಿಗೆಯೋ, ಊರಿನ ಸೊಸೈಟಿಯೋ?

ವಾರ್ಷಿಕ ಶುಲ್ಕ ಕಟ್ಟಿದ ಸದಸ್ಯರಿಗೆ ಮಾತ್ರ ದೊಡ್ಡ ಪೊಟ್ಟಣಗಳನ್ನು ಕಡಿಮೆ ಲಾಭಕ್ಕೆ ಮಾರುವ ಸಗಟು ಕ್ಲಬ್ ಪದ್ಧತಿಗೆ 1976ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತೆರೆದ ‘ಪ್ರೈಸ್ ಕ್ಲಬ್’ ನಾಂದಿ ಹಾಡಿತು. ಶಿರಸಿಯವರಿಗೆ ಆಯ್ಕೆ ಇರುವುದು ಹುಬ್ಬಳ್ಳಿಯ ದೊಡ್ಡ ಮಳಿಗೆಗಳಿಗೂ ಊರಿನ ಸಹಕಾರಿ ಸಂಘದ ಅಂಗಡಿಗೂ ನಡುವೆ.

ಸೋಪು, ಬಟ್ಟೆ ತೊಳೆಯುವ ಪುಡಿಯಂಥ ಕೆಡದ ವಸ್ತುಗಳಲ್ಲಿ ಸಗಟು ಖರೀದಿಯ ಲಾಭ ನಿಜವಾದದ್ದು. ಮದುವೆ, ಉಪನಯನಗಳಿರುವ ಮನೆಗೆ ಅದು ಇನ್ನೂ ಹೆಚ್ಚು. ಆದರೆ ಹೋಗಿ ಬರುವ ಸುಮಾರು 200 ಕಿಲೋಮೀಟರ್ ದಾರಿಗೆ, ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 13 ಲೀಟರಿಗೂ ಮಿಕ್ಕಿ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ, ದರದಲ್ಲಿ ಶೇಕಡಾ 5ರಷ್ಟು ಉಳಿಸುವವರು ಆ ಖರ್ಚನ್ನು ಸರಿದೂಗಿಸಲು 26,000 ರೂಪಾಯಿಗಿಂತ ಹೆಚ್ಚಿನ ಸಾಮಾನು ಕೊಳ್ಳಬೇಕಾಗುತ್ತದೆ.

ನಮ್ಮ ಮಳೆಗಾಲವನ್ನಂತೂ ಮರೆಯುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ರವೆಗೆ ಹುಳ ಬೀಳುತ್ತದೆ, ಬೇಳೆಗೆ ಬೂಸಲು ಹಿಡಿಯುತ್ತದೆ. ಕಾರವಾರ, ಕುಮಟಾ ಕಡೆಯ ಉಪ್ಪುಗಾಳಿಯ ಮನೆಗಳಲ್ಲಿ ಈ ತೊಂದರೆ ಇನ್ನೂ ಬೇಗ ಕಾಣಿಸುತ್ತದೆ. ಅರ್ಧ ಚೀಲವನ್ನು ದನಕ್ಕೆ ಹಾಕಬೇಕಾಗಿ ಬಂದರೆ ಅಗ್ಗದ ದರಕ್ಕೆ ಅರ್ಥವಿಲ್ಲ.

ಸದಸ್ಯತ್ವದ ಸ್ವರೂಪವೂ ಬೇರೆ. ಕ್ಲಬ್ಬಿನ ಶುಲ್ಕವನ್ನು ವರ್ಷವರ್ಷವೂ ಕಟ್ಟಬೇಕು. 1923ರಲ್ಲಿ ಸ್ಥಾಪನೆಯಾದ, ಅಡಿಕೆ ಬೆಳೆಗಾರರ ಮಾರಾಟ ಸಂಘವಾದ ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರಿ ಸಂಘದಲ್ಲಾದರೋ ಷೇರುದಾರನು ಒಡೆತನದ ಪಾಲುದಾರನೂ ಹೌದು. ಅಡಿಕೆ ಮಾರಿದಲ್ಲೇ ದಿನಸಿಯೂ ಸಿಗುವ ಅನುಕೂಲವನ್ನು ನಾನು ತುಂಬ ದೊಡ್ಡದೆಂದು ಎಣಿಸುತ್ತೇನೆ.

ನಾಲ್ಕು ಜನರ ಮನೆಯವರು ದಿನಸಿಯನ್ನು ಊರಿನಲ್ಲೇ ಕೊಳ್ಳಲಿ. ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋದಾಗ, ಪೊಟ್ಟಣದ ಮೇಲಿನ ಪ್ರತಿ ಕಿಲೋ ದರವನ್ನು ಹೋಲಿಸಿ ನೋಡಿ, ಕೆಡದ ವಸ್ತುಗಳನ್ನಷ್ಟೇ ತರಲಿ.