ಕೆನಡಾ ದ್ವೀಪದ ಕ್ಯಾಸಿನೊ, ಕುದುರೆ ರೇಸ್ ಪ್ಯಾಕೇಜ್ ಅಂತ ಯಾರಾದರೂ ಬಂದರೆ ಅಡ್ವಾನ್ಸ್ ಕೊಡಬೇಡಿ

ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಕ್ಕಳು ಕೆನಡಾದಲ್ಲಿ ಇರುವವರಂತೂ ಓದಲೇಬೇಕು. ಒಂದು ವರ್ಷದಿಂದ ನಾಚಿಕೆಪಟ್ಟು ಸುಮ್ಮನಿದ್ದೆ. ಹೋದ ವಾರ ನಮ್ಮ ಪಕ್ಕದ ತೋಟದವರು ಅದೇ ಏಜೆಂಟ್ ಹತ್ತಿರ ಹೋಗಿ ಬಂದಿದ್ದಾರೆ ಅಂತ ಗೊತ್ತಾಯಿತು. ಇನ್ನು ಬಾಯಿ ಮುಚ್ಚಿಕೊಂಡು ಕೂರಲು ಆಗಲಿಲ್ಲ.

2024ರ ಜುಲೈಯಲ್ಲಿ ನಾನು, ನನ್ನ ಹೆಂಡತಿ ಮಗಳನ್ನು ನೋಡಲು ಟೊರೊಂಟೊಗೆ ಹೊರಟಿದ್ದೆವು. ಆ ವರ್ಷ ಕಾಫಿಗೆ ಒಳ್ಳೆ ರೇಟ್ ಬಂದಿತ್ತು. ನನಗೆ ರೇಸ್ ಹುಚ್ಚು ಇದೆ ಅಂತ ಊರಿಗೆಲ್ಲ ಗೊತ್ತು. ಮೈಸೂರು ರೇಸ್‌ಕೋರ್ಸ್‌ಗೆ ಮೂವತ್ತು ವರ್ಷದಿಂದ ಹೋಗುತ್ತಿದ್ದೇನೆ. ಒಂದು ಮದುವೆಯಲ್ಲಿ ಪರಿಚಯವಾದ ಈ ಏಜೆಂಟ್‌ಗೂ ಅದು ಗೊತ್ತಿತ್ತು. "ಅಣ್ಣ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಅಂತ ಒಂದು ದ್ವೀಪ ಇದೆ. ನಮ್ಮ ಕೊಡಗಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಎರಡು ರೇಸ್ ಟ್ರ್ಯಾಕ್, ಎರಡು ಕ್ಯಾಸಿನೊ. ದಿನಾ ರೇಸ್. ನಾಲ್ಕು ದಿನ ನಮ್ಮ ಹುಡುಗನೇ ಕರ್ಕೊಂಡು ಹೋಗ್ತಾನೆ, ಕನ್ನಡ ಮಾತಾಡ್ತಾನೆ" ಅಂದ. ಇಬ್ಬರಿಗೆ 2,10,000 ರೂಪಾಯಿ. ಅದರ ಮೇಲೆ ಟಿಸಿಎಸ್ ಅಂತ 5%, ಅಂದರೆ 10,500. ಏಜೆಂಟ್ ನಮ್ಮಿಂದ ಹಿಡಿದು ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ ಅದು. ಟೊರೊಂಟೊ ತನಕದ ಟಿಕೆಟ್ ನಾವೇ ಮಾಡಿಕೊಂಡಿದ್ದೆವು. ಇದು ಬರೀ ಆ ನಾಲ್ಕು ದಿನಕ್ಕೆ!

ದ್ವೀಪದ ಬಗ್ಗೆ ಹೇಳಿದ್ದು ಸುಳ್ಳಲ್ಲ. ಕೊಡಗು 4,102 ಚದರ ಕಿಲೋಮೀಟರ್, ಅದು 5,660ರ ಹತ್ತಿರ. ಜನ ಮಾತ್ರ ನಮಗಿಂತ ತುಂಬಾ ಕಡಿಮೆ. ಕೆಂಪು ಮಣ್ಣು, ಎಲ್ಲಿ ನೋಡಿದರೂ ಆಲೂಗಡ್ಡೆ ಹೊಲ. ಊರು ಚೆಂದ, ಜನ ಇನ್ನೂ ಚೆಂದ. ನನ್ನ ಸಿಟ್ಟು ಆ ದ್ವೀಪದ ಮೇಲಲ್ಲ, ಅಲ್ಲಿನ ರೇಸಿನವರ ಮೇಲೂ ಅಲ್ಲ. ನಮಗೆ ಮೋಸ ಮಾಡಿದ್ದು ನಮ್ಮವರೇ.

ಮೋಂಕ್ಟನ್ ಏರ್‌ಪೋರ್ಟ್‌ನಿಂದ ಆ ಹುಡುಗ ವ್ಯಾನಿನಲ್ಲಿ ಕರೆದುಕೊಂಡು ಹೋದ. ದ್ವೀಪಕ್ಕೆ ಹೋಗಲು ಸಮುದ್ರದ ಮೇಲೆ ಸುಮಾರು 13 ಕಿಲೋಮೀಟರ್ ಸೇತುವೆ ಇದೆ, 1997ರಲ್ಲಿ ಕಟ್ಟಿ ಮುಗಿಸಿದ್ದು. ಸೇತುವೆ ಹತ್ತುವ ಮೊದಲೇ ಟೋಲ್‌ಗೆ ಅಂತ 55 ಡಾಲರ್ ಕೇಳಿದ. ಕೊಟ್ಟೆ. ಟೋಲ್ ಗೇಟೇ ಕಾಣಲಿಲ್ಲವಲ್ಲ ಅಂದೆ. "ಆನ್‌ಲೈನ್‌ನಲ್ಲಿ ಕಟ್ ಆಗುತ್ತೆ ಅಂಕಲ್" ಅಂದ. ವಾಪಸ್ ಬರುವಾಗ ಗೇಟ್ ಕಾಣಿಸಿತು. ಆಗ ಗೊತ್ತಾಯಿತು, ಅಲ್ಲಿ ಟೋಲ್ ತೆಗೆದುಕೊಳ್ಳುವುದು ದ್ವೀಪದಿಂದ ಹೊರಗೆ ಹೋಗುವಾಗ ಮಾತ್ರ. ಒಳಗೆ ಬರುವವರು ಏನೂ ಕೊಡಬೇಕಿಲ್ಲ.

ಶನಿವಾರ ಸಂಜೆ ಶಾರ್ಲಟ್‌ಟೌನ್ ಡ್ರೈವಿಂಗ್ ಪಾರ್ಕ್ ಅನ್ನುವ ರೇಸ್ ಟ್ರ್ಯಾಕ್‌ಗೆ ಹೋದೆವು. ಟ್ರ್ಯಾಕ್ ಪಕ್ಕದಲ್ಲೇ ಕ್ಯಾಸಿನೊ. ನಮ್ಮ ಕೈಗೆ 'ವಿಐಪಿ ಎಂಟ್ರಿ' ಅಂತ ಬಣ್ಣದ ಚೀಟಿ ಕೊಟ್ಟ. ಒಬ್ಬರಿಗೆ 45 ಡಾಲರ್ ಅಂತ ಬಿಲ್‌ನಲ್ಲಿ ಸೇರಿಸಿದ್ದರು. ಬಾಗಿಲಲ್ಲಿ ಆ ಚೀಟಿ ಯಾರೂ ಕೇಳಲಿಲ್ಲ. ಜನ ಮಕ್ಕಳನ್ನು ಎತ್ತಿಕೊಂಡು ಸುಮ್ನೆ ಒಳಗೆ ಹೋಗುತ್ತಿದ್ದರು. ಇವರಿಗೆ ಟಿಕೆಟ್ ಬೇಡವಾ ಅಂತ ಕೇಳಿದೆ. "ಅವರು ಲೋಕಲ್ ಅಂಕಲ್, ಟಿಕೆಟ್ ಟೂರಿಸ್ಟ್‌ಗಳಿಗೆ ಮಾತ್ರ." ನಾನು ನಂಬಿದೆ. ಅಲ್ಲಿ ರೇಸ್ ನೋಡಲು ಯಾರಿಗೂ ಟಿಕೆಟ್ ಇರಲಿಲ್ಲ.

ಆಟ ಮಾತ್ರ ನೋಡಲು ಅದ್ಭುತ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕುದುರೆ ಮೇಲೆ ಜಾಕಿ ಕೂರುವುದಿಲ್ಲ. ಹಿಂದೆ ಎರಡು ಚಕ್ರದ ಹಗುರ ಗಾಡಿ, ಅದಕ್ಕೆ ಸಲ್ಕಿ ಅನ್ನುತ್ತಾರೆ, ಅದರಲ್ಲಿ ಡ್ರೈವರ್ ಕೂರುತ್ತಾನೆ. ಮುಂದೆ ಒಂದು ಕಾರು ಎರಡು ರೆಕ್ಕೆ ಚಾಚಿಕೊಂಡು ಓಡುತ್ತದೆ, ಕುದುರೆಗಳು ಅದರ ಹಿಂದೆ ಸಾಲಾಗಿ ಬರುತ್ತವೆ. ಗೆರೆ ಬಂದಾಗ ರೆಕ್ಕೆ ಮಡಚಿ ಕಾರು ಪಕ್ಕಕ್ಕೆ ಹೋಗುತ್ತದೆ. ಅರ್ಧ ಮೈಲಿ ಟ್ರ್ಯಾಕ್, ಎರಡು ಸುತ್ತು. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮೈಸೂರಿನಲ್ಲಿ ಕುದುರೆ ನಾಗಾಲೋಟ ಹೊಡೆದರೆ ನಾವು ಎದ್ದು ಕೂಗುತ್ತೇವೆ. ಅಲ್ಲಿ ನಾಗಾಲೋಟಕ್ಕೆ ಬಿದ್ದರೆ ತಪ್ಪು, ತಡೆದು ಮತ್ತೆ ಹದಕ್ಕೆ ತರಬೇಕು. ನನ್ನ ಹೆಂಡತಿಗೆ ರೇಸ್ ಅಂದರೆ ಆಗದು. ಅವಳೂ ಎದ್ದು ನಿಂತು ನೋಡಿದಳು.

ಹುಡುಗ ಆಗ ಹತ್ತಿರ ಬಂದ. "ಅಂಕಲ್, ವಿಸಿಟರ್ ವೀಸಾದವರಿಗೆ ಕೌಂಟರ್‌ನಲ್ಲಿ ಕಟ್ಟೋಕೆ ಬಿಡಲ್ಲ. ಲೋಕಲ್ ಐಡಿ ಬೇಕು. ದುಡ್ಡು ಕೊಡಿ, ನಾನೇ ಕಟ್ತೀನಿ." ಆರನೇ ನಂಬರಿನ ಕುದುರೆ ಮೇಲೆ 20 ಡಾಲರ್ ವಿನ್ ಅಂದೆ. ಕುದುರೆ ಕೊನೆಯ ತಿರುವಿನಲ್ಲಿ ಹೊರಗಿನಿಂದ ಬಂದು ಗೆದ್ದಿತು! ಬೋರ್ಡ್‌ನಲ್ಲಿ ಎರಡು ಡಾಲರ್‌ಗೆ 14.60 ಅಂತ ಬಂತು. ಅಂದರೆ ನನಗೆ 146 ಬರಬೇಕು. ಹುಡುಗ ತಂದುಕೊಟ್ಟಿದ್ದು 102. "ಟ್ಯಾಕ್ಸ್ 30% ಹಿಡ್ಕೊಂಡ್ರು ಅಂಕಲ್, ನಮ್ಮ ಮೈಸೂರಲ್ಲಿ ಹಿಡಿಯೋ ಹಾಗೇ."

ಮೈಸೂರಿನ ಹೆಸರು ಹೇಳಿದ್ದಕ್ಕೇ ನಾನು ಬಿದ್ದೆ. ನಮ್ಮಲ್ಲಿ ಹಿಡಿಯುತ್ತಾರೆ ತಾನೇ, ಅಲ್ಲೂ ಹಿಡಿಯುತ್ತಾರೆ ಅಂದುಕೊಂಡೆ. ನಮ್ಮಲ್ಲೂ 10,000 ರೂಪಾಯಿ ದಾಟಿದ ಮೇಲೆ ಹಿಡಿಯುವುದು. 146 ಡಾಲರ್ ಅಂದರೆ ಆಗಿನ ಲೆಕ್ಕಕ್ಕೆ ಒಂಬತ್ತು ಸಾವಿರವೂ ಇರಲಿಲ್ಲ. ಮೂವತ್ತು ವರ್ಷ ರೇಸ್ ಆಡಿದ ನನಗೆ ಆ ಹೊತ್ತಿಗೆ ಇದು ಹೊಳೆಯಲೇ ಇಲ್ಲ. ಇದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಬರುವುದಿಲ್ಲ.

ಕ್ಯಾಸಿನೊದಲ್ಲೂ ಇದೇ ಕತೆ. ಹೆಂಡತಿ ಮಷಿನ್‌ನಲ್ಲಿ ಆಡಿ ಗೆದ್ದಳು, ಚೀಟಿ ಬಂತು. ಹುಡುಗ ಚೀಟಿ ತೆಗೆದುಕೊಂಡು ಹೋಗಿ 'ಟ್ಯಾಕ್ಸ್ ಕಳೆದು' ದುಡ್ಡು ತಂದುಕೊಟ್ಟ.

ಎರಡನೇ ಸಲ ನಾನು ಗೆದ್ದಾಗ ಪಕ್ಕದಲ್ಲಿ ಕೂತಿದ್ದ ಅಜ್ಜ ಕೈ ಕುಲುಕಿದರು. ಆ ದ್ವೀಪದವರೇ. ಮಾತಿಗೆ ಮಾತು ಬಂದು, ಟ್ಯಾಕ್ಸ್ ಜಾಸ್ತಿ ಅಲ್ವಾ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ಎರಡು ಸಲ ಕೇಳಿದರು. ಕೆನಡಾದಲ್ಲಿ ಹೀಗೆ ಬಂದು ಆಡುವವರ ಗೆಲುವಿನ ಮೇಲೆ ಟ್ಯಾಕ್ಸ್ ಇಲ್ಲ, ಬೋರ್ಡ್‌ನಲ್ಲಿ ಬಂದದ್ದು ಪೂರ್ತಿ ಕೈಗೆ ಬರುತ್ತದೆ ಅಂದರು. ಐಡಿ ವಿಷಯವನ್ನೂ ಕೇಳಿದೆ. 19 ವರ್ಷ ಆಗಿದ್ದರೆ ಸಾಕು ಅಂದರು. ಅವರೇ ನನ್ನನ್ನು ಕೌಂಟರ್‌ಗೆ ಕರೆದುಕೊಂಡು ಹೋದರು. ಎರಡು ಡಾಲರ್ ಕೊಟ್ಟೆ, ಆ ಹೆಣ್ಣುಮಗಳು ನಗುತ್ತಾ ಟಿಕೆಟ್ ಕೊಟ್ಟಳು. ಅಷ್ಟೇ. ನನ್ನ ತಲೆಯ ಬಿಳಿ ಕೂದಲು ನೋಡಿ ಪಾಸ್‌ಪೋರ್ಟ್ ಕೂಡ ಕೇಳಲಿಲ್ಲ. ಆ ಎರಡು ಡಾಲರ್ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ನಿಂತಾಗ ಆದ ಅವಮಾನ ಯಾರಿಗೂ ಬೇಡ. ಹೆಂಡತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಹುಡುಗನನ್ನು ಕೇಳಿದೆ. "ನನಗೆ ಹಾಗೇ ಹೇಳೋಕೆ ಹೇಳಿದ್ದಾರೆ ಅಂಕಲ್, ನೀವು ಅಣ್ಣನ ಹತ್ತಿರ ಮಾತಾಡಿ." ಭಾನುವಾರ ಸಮ್ಮರ್‌ಸೈಡ್‌ನ ಇನ್ನೊಂದು ಟ್ರ್ಯಾಕ್‌ಗೆ ಕರೆದುಕೊಂಡು ಹೋದ. ರೇಸೇ ಇರಲಿಲ್ಲ. ಎರಡು ಕುದುರೆ ಪ್ರಾಕ್ಟೀಸ್ ಮಾಡುತ್ತಿದ್ದವು. ದಿನಾ ರೇಸ್ ಅಂದಿದ್ದನಲ್ಲ!

ಊರಿಗೆ ಬಂದು ಏಜೆಂಟ್‌ಗೆ ಫೋನ್ ಮಾಡಿದೆ. ಮೊದಲ ದಿನ, "ಅಣ್ಣ, ಟೆನ್ಶನ್ ಮಾಡ್ಕೋಬೇಡಿ, ಸೆಟ್ಲ್ ಮಾಡ್ತೀನಿ." ವಾರ ಬಿಟ್ಟು, "ಆ ಹುಡುಗ ನಮ್ಮ ಸ್ಟಾಫ್ ಅಲ್ಲ ಸರ್." ಅಣ್ಣ ಹೋಗಿ ಸರ್ ಆದೆ. ತಿಂಗಳು ಬಿಟ್ಟು ಆಫೀಸಿಗೇ ಹೋದೆ. ಟಿಸಿಎಸ್ ಎಲ್ಲಿ ಅಂತ ಕೇಳಿದೆ. ನನ್ನ ಪ್ಯಾನ್‌ಗೆ ಸೇರಬೇಕಾದ ಆ 10,500 ಇವತ್ತಿನ ತನಕ 26ಎಎಸ್‌ನಲ್ಲಿ, ಅಂದರೆ ನಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಬಂದಿಲ್ಲ. ಆಡಿಟರ್ ಕೇಳ್ತೀನಿ ಅಂದ. ಕಂಪ್ಲೇಂಟ್ ಕೊಡ್ತೀನಿ ಅಂದೆ. ಆಗ ಕುರ್ಚಿಯಿಂದ ಏಳದೇ ಹೇಳಿದ, "ಕೊಡಿ ಸರ್. ಜೂಜಾಡೋಕೆ ಹೋಗಿ ಮೋಸ ಹೋದೆ ಅಂತ ಬರೆದು ಕೊಡಿ. ಊರಲ್ಲಿ ಯಾರ ಮರ್ಯಾದೆ ಹೋಗುತ್ತೆ ನೋಡೋಣ."

ಈ ಮಾತಿಗೇ ನಾನು ಒಂದು ವರ್ಷ ಸುಮ್ಮನಾದೆ. ಮಾವ, ಅಳಿಯ, ಐನ್‌ಮನೆಯ ಹಿರಿಯರು ಏನಂದುಕೊಳ್ಳುತ್ತಾರೋ ಅಂತ. ಅವನ ವ್ಯಾಪಾರ ನಡೆಯುತ್ತಿರುವುದೇ ಈ ನಾಚಿಕೆ ಮೇಲೆ. ನನಗಿಂತ ಮೊದಲು ಹೋದವರೂ ಇರಬೇಕು, ಅವರೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ.

ಹೋಗಬೇಕು ಅನಿಸಿದರೆ ಹೋಗಿ, ಜಾಗ ಚೆನ್ನಾಗಿದೆ. ಯಾರ ಪ್ಯಾಕೇಜೂ ಬೇಡ. ಯಾವ ದಿನ ರೇಸ್ ಅಂತ ಮಕ್ಕಳ ಕೈಲಿ ನೋಡಿಸಿ. ಕೌಂಟರ್‌ಗೆ ನೀವೇ ಹೋಗಿ, ಟಿಕೆಟ್ ನಿಮ್ಮ ಜೇಬಿನಲ್ಲೇ ಇರಲಿ. ಟಿಸಿಎಸ್ ಕೊಟ್ಟಿದ್ದರೆ 26ಎಎಸ್ ತೆಗೆಸಿ ನೋಡಿ. ನನ್ನ ಹಾಗೆ ಆಗಿದ್ದವರು ಮಡಿಕೇರಿ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಎರಡು ವರ್ಷದ ಒಳಗೆ ಕೊಡಬೇಕು, 5 ಲಕ್ಷದ ತನಕ ಶುಲ್ಕ ಇಲ್ಲ. ನಾನು ಈ ಸೋಮವಾರ ಕೊಡುತ್ತಿದ್ದೇನೆ.

ಇನ್ನೊಂದು ಮಾತು. ಶಾರ್ಲಟ್‌ಟೌನ್ ಟ್ರ್ಯಾಕ್ ಮುಂದೆ ಆ ಚೀಟಿ ಹಿಡಿದುಕೊಂಡು ನಾನು, ನನ್ನ ಹೆಂಡತಿ ನಗುತ್ತಾ ನಿಂತ ಫೋಟೊ ಇದೆ. 'ಹ್ಯಾಪಿ ಕಸ್ಟಮರ್ಸ್' ಅಂತ ಅವನು ಅದನ್ನು ಇನ್ನೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕುತ್ತಿದ್ದಾನೆ. ಪಕ್ಕದ ತೋಟದವರು ಅವನ ಹತ್ತಿರ ಹೋಗಿದ್ದು ಅದೇ ಫೋಟೊ ನೋಡಿ. ತೆಗೆಯಿರಿ ಅಂತ ಮೂರು ಸಲ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.