ತಮ್ಮನ ಡೇ ಕೇರ್: ಎರಡು ವರ್ಷ ನೋಡಿದ ಮೇಲೆ

ಮೈಸೂರಿನಲ್ಲಿ ಹದಿನೆಂಟು ದಾಟಿದ ಅಂಗವಿಕಲರಿಗೆ ಡೇ ಕೇರ್ ಹುಡುಕುತ್ತಿರುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನ್ನ ತಮ್ಮ ಅಂಥ ಒಂದು ಕೇಂದ್ರಕ್ಕೆ ಸೇರಿ ಎರಡು ವರ್ಷ ದಾಟಿತು. ಕೇಂದ್ರದ ಹೆಸರು ಹಾಕುತ್ತಿಲ್ಲ. ಮುಂದೆ ಹೇಳುವ ತಕರಾರು ಅದೊಂದೇ ಕೇಂದ್ರದ್ದಲ್ಲ, ನಾವು ವಿಚಾರಿಸಿದ ಬೇರೆ ಕಡೆಯೂ ಅದೇ ಪದ್ಧತಿ ಇತ್ತು. ಜಾಗ ಎಷ್ಟಿದೆ, ರ‍್ಯಾಂಪ್ ಇದೆಯಾ, ಕ್ಯಾಮೆರಾ ಇದೆಯಾ ಅನ್ನೋದನ್ನೆಲ್ಲ ಮೊದಲ ಭೇಟಿಯಲ್ಲೇ ಅವರೇ ತೋರಿಸುತ್ತಾರೆ. ನಾನು ಹೇಳಬೇಕಾಗಿರುವುದು ಅಲ್ಲಿ ಹೊಂದಿಕೊಳ್ಳುವುದರ ಬಗ್ಗೆ.

ತಮ್ಮನಿಗೆ ಈಗ 24. ಆಟಿಸಂ ಇದೆ, ಬುದ್ಧಿಯ ಬೆಳವಣಿಗೆಯೂ ನಿಧಾನ. ಬೇಕಾದ್ದನ್ನು ಒಂದೆರಡು ಮಾತಲ್ಲಿ ಹೇಳುತ್ತಾನೆ. ಚಿಕ್ಕವನಿದ್ದಾಗ ಅಮ್ಮ ಅವನನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ವರ್ಷಗಟ್ಟಲೆ ಕರೆದುಕೊಂಡು ಹೋದಳು. ಆಮೇಲೆ ಸ್ಪೆಷಲ್ ಸ್ಕೂಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 6ರಿಂದ 18 ವರ್ಷದವರೆಗೆ. ಹದಿನೆಂಟು ತುಂಬಿತು, ಸ್ಕೂಲು ಮುಗಿಯಿತು. ಅಲ್ಲಿಂದ ಡೇ ಕೇರ್ ಸಿಗುವವರೆಗೂ ಅವನು ಮನೆಯಲ್ಲೇ ಇದ್ದ. ಹಗಲೆಲ್ಲ ಮಹಡಿ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದ. ರಾತ್ರಿ ನಿದ್ದೆ ಇಲ್ಲ. ಅಮ್ಮನಿಗೆ ಮಂಡಿನೋವು, ಅಪ್ಪ ರಿಟೈರ್ ಆಗಿದ್ದಾರೆ, ನಾನು ಸಹಕಾರ ಸಂಘದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮೂರೂ ಜನ ಸೇರಿದರೂ ಅವನ ದಿನ ತುಂಬುತ್ತಿರಲಿಲ್ಲ.

ಸೇರಿಸುವಾಗ ನನಗೆ ಮೊದಲು ಇಷ್ಟವಾಗಿದ್ದು ಅವರು ಕೇಳಿದ ಪ್ರಶ್ನೆಗಳು. ನಾವು ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಆಧಾರ್, ಡಾಕ್ಟರ ಚೀಟಿ ಎಲ್ಲ ಫೈಲು ಮಾಡಿಕೊಂಡು ಹೋಗಿದ್ದೆವು. ಕೇಂದ್ರದ ಮೇಡಂ ಫೈಲನ್ನು ಪಕ್ಕಕ್ಕಿಟ್ಟರು. "ನೀರು ಬೇಕಾದ್ರೆ ಹೇಗೆ ಕೇಳ್ತಾರೆ? ಸಿಟ್ಟು ಬರೋಕೆ ಮುಂಚೆ ಏನು ಮಾಡ್ತಾರೆ? ಯಾವ ಶಬ್ದ ಆಗಲ್ಲ?" ಅಂತ ಶುರು ಮಾಡಿದರು. ಅಮ್ಮ ಹೇಳುತ್ತಾ ಹೋದಳು, ಅವರು ಬರೆದುಕೊಳ್ಳುತ್ತಾ ಹೋದರು. ತಮ್ಮ ಸಿಟ್ಟಾಗುವ ಮುಂಚೆ ಶರ್ಟಿನ ಕೆಳಗಿನ ಗುಂಡಿಯನ್ನು ತಿರುವುತ್ತಾನೆ. ಆಗಲೇ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ನೀರು ಕೊಟ್ಟರೆ ಸಮಾಧಾನ ಆಗುತ್ತಾನೆ. ಮನೆ ಹೊರಗಿನವರು ಇದನ್ನು ಕೇಳಿದ್ದು ಅದೇ ಮೊದಲು.

ಶುರುವಿನಲ್ಲಿ ದಿನಕ್ಕೆ ಒಂದೇ ಗಂಟೆ. ನಾನು ರಜೆ ಹಾಕಿ ಅವನ ಪಕ್ಕದಲ್ಲೇ ಕೂರುತ್ತಿದ್ದೆ. ಆಮೇಲೆ ಜಗಲಿಗೆ ಬಂದೆ, ಅಲ್ಲಿಂದ ಗೇಟಿನ ಹತ್ತಿರದ ಕಲ್ಲುಬೆಂಚಿಗೆ. ಅವನ ಗಂಟೆ ಮಜ್ಜಿಗೆ ಹೊತ್ತಿನವರೆಗೆ, ಆಮೇಲೆ ಊಟದವರೆಗೆ ಬೆಳೆಯಿತು. ಒಂದು ವಿಷಯದಲ್ಲಿ ಮೇಡಂ ಬಹಳ ಖಡಾಖಂಡಿತವಾಗಿದ್ದರು. ಕಣ್ಣು ತಪ್ಪಿಸಿ ಹೋಗುವ ಹಾಗಿಲ್ಲ. ಅವನು ಅತ್ತರೂ ಸರಿ, ಎದುರಿಗೆ ನಿಂತು "ಹೋಗಿ ಬರ್ತೀನಿ" ಅಂತ ಹೇಳಿಯೇ ಹೋಗಬೇಕು. ಹೇಳಿದ ಹೊತ್ತಿಗೆ ಸರಿಯಾಗಿ ವಾಪಸ್ ಬರಬೇಕು. ಎರಡನೆಯದು ಆಫೀಸಿಗೆ ಹೋಗುವವರಿಗೆ ಕಷ್ಟ. ಆದರೆ ಅವನು ನಂಬಿದ್ದೇ ಅದರಿಂದ.

ಗೋಡೆ ಮೇಲೆ ಅವನ ದಿನದ ಪಟ್ಟಿ ಇದೆ. ಎಲ್ಲ ಅಲ್ಲಿಯದೇ ಫೋಟೋಗಳು: ಚಪ್ಪಲಿ ಸ್ಟ್ಯಾಂಡು, ಪ್ರಾರ್ಥನೆಯ ಜಮಖಾನ, ಕೆಲಸದ ಮೇಜು, ಮಜ್ಜಿಗೆ ಲೋಟ, ಊಟದ ತಟ್ಟೆ, ಕೇರಂ ಬೋರ್ಡು. ಕೊನೆಯದು ನಮ್ಮ ಮನೆ ಬಾಗಿಲು. ಒಂದೊಂದು ಮುಗಿದ ಹಾಗೆ ಆ ಫೋಟೋವನ್ನು ಅವನೇ ಕಿತ್ತು ಕೆಳಗಿನ ಡಬ್ಬಿಗೆ ಹಾಕಬೇಕು. ದಿನವನ್ನು ಹೀಗೆ ಕಣ್ಣಿಗೆ ಕಾಣುವಂತೆ ಜೋಡಿಸುವ ಪದ್ಧತಿಯನ್ನು ಬೆಳೆಸಿದ್ದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಟೀಚ್ ಅನ್ನುವ ಕಾರ್ಯಕ್ರಮ, 1970ರ ದಶಕದಲ್ಲಿ. ಇಲ್ಲಿ ಅದಕ್ಕೆ ಖರ್ಚಾಗಿದ್ದು ಲ್ಯಾಮಿನೇಷನ್ನು, ವೆಲ್ಕ್ರೋ ಪಟ್ಟಿ, ಅಷ್ಟೇ. "ಮನೆಗೆ ಯಾವಾಗ" ಅನ್ನೋದನ್ನು ಅವನು ಯಾರನ್ನೂ ಕೇಳಬೇಕಾಗಿಲ್ಲ. ಮೇಲೆ ಎಷ್ಟು ಫೋಟೋ ಉಳಿದಿದೆ ಅಂತ ನೋಡಿಕೊಳ್ಳುತ್ತಾನೆ.

ಇನ್ನು ಕುಕ್ಕರಿನ ವಿಷಯ. ನಾನು ಈ ಕೇಂದ್ರವನ್ನು ಇಷ್ಟೊಂದು ಹಚ್ಚಿಕೊಂಡಿದ್ದೇ ಇದರಿಂದ.

ಅಡುಗೆಮನೆ ಕೆಲಸದ ಕೋಣೆಗೆ ಅಂಟಿಕೊಂಡಿದೆ. ಕುಕ್ಕರ್ ಕೂಗಿದರೆ ತಮ್ಮ ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋಗಿಬಿಡುತ್ತಿದ್ದ. ಆಮೇಲೆ ಅರ್ಧ ದಿನ ಕೆಲಸ ಇಲ್ಲ, ಊಟ ಇಲ್ಲ. ಬೇರೆ ಕಡೆಯಾಗಿದ್ದರೆ "ನಿಮ್ಮ ಹುಡುಗ ಅಡ್ಜಸ್ಟ್ ಆಗ್ತಿಲ್ಲ" ಅಂತ ಫೋನ್ ಬರುತ್ತಿತ್ತೇನೋ. ಅಲ್ಲಿನ ಆಯಮ್ಮ ಒಲೆ ಹಚ್ಚಿದ ಕೂಡಲೇ ಬಂದು ಅವನ ಎದುರಿಗೆ ನಿಲ್ಲೋಕೆ ಶುರು ಮಾಡಿದರು. "ಅಪ್ಪಿ, ಈಗ ಕುಕ್ಕರ್ ಕೂಗುತ್ತೆ ಕಣಪ್ಪ. ಮೂರೇ ಕೂಗು. ಆಮೇಲೆ ಆಫ್." ಮೂರು ಬೆರಳು ತೋರಿಸಿ ಹೋಗುವುದು. ಮೊದಮೊದಲು ಕಿವಿ ಮುಚ್ಚಿಕೊಂಡೇ ಇದ್ದ, ಆದರೆ ಮೇಜಿನ ಕೆಳಗೆ ಹೋಗಲಿಲ್ಲ. ಆಮೇಲೆ ಒಂದು ಕೈ ಮಾತ್ರ ಕಿವಿ ಮೇಲೆ, ಇನ್ನೊಂದು ಕೈಯಲ್ಲಿ ಬೆರಳು ಮಡಿಸುವುದು. ಈಗ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗು ಎಣಿಸುವುದು ಅವನದೇ ಕೆಲಸ. ಮೂರಾದ ಮೇಲೆ "ಆಯ್ತು" ಅಂತ ಗಟ್ಟಿಯಾಗಿ ಹೇಳುತ್ತಾನೆ, ಆಯಮ್ಮ ಬಂದು ಒಲೆ ಆರಿಸುತ್ತಾರೆ. ಬೇಳೆಗೆ ನಾಲ್ಕು ಕೂಗು ಬೇಕು ಅಂತ ಒಮ್ಮೆ ಅವರೇ ತಡ ಮಾಡಿದಾಗ ಇವನು ಒಪ್ಪಲಿಲ್ಲ. ಅಂದಿನಿಂದ ಬೇಳೆಯನ್ನು ಬೆಳಿಗ್ಗೆಯೇ ನೆನೆಹಾಕುತ್ತಾರಂತೆ, ಮೂರಕ್ಕೇ ಬೇಯಲಿ ಅಂತ. ಆಯಮ್ಮನಿಗೆ ಇದಕ್ಕೆ ಯಾವ ಟ್ರೇನಿಂಗೂ ಆಗಿಲ್ಲ. ಹೆದರಿಕೆ ಇರುವವನಿಗೆ ಮುಂಚೆ ಹೇಳಬೇಕು, ಎಷ್ಟು ಹೊತ್ತು ಅಂತ ಹೇಳಬೇಕು, ಹೇಳಿದಂತೆ ನಡೆದುಕೊಳ್ಳಬೇಕು. ಅದನ್ನು ಅವರು ತಾವೇ ಕಂಡುಕೊಂಡರು.

ಕೆಲಸದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೊದಲು ಅಗರಬತ್ತಿ ಪ್ಯಾಕಿಂಗಿಗೆ ಕೂರಿಸಿದರು. ನಮ್ಮೂರಲ್ಲಿ ಅದು ಸುಲಭವಾಗಿ ಸಿಗುವ ಕೆಲಸ. ವಾಸನೆ ಅವನಿಗೆ ಆಗಲಿಲ್ಲ, ಮೂಗು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡು ಬಂದ. ಡೈರಿಯಲ್ಲಿ ಬರೆದು ಕಳಿಸಿದೆ, ಮಾರನೇ ದಿನವೇ ಪೇಪರ್ ಕವರ್ ಮೇಜಿಗೆ ಹಾಕಿದರು. ಅಲ್ಲಿ ಚೆನ್ನಾಗಿ ಕೂತ. ಮಡಿಕೆ ಒಂದು ನೂಲೂ ಆಚೀಚೆ ಹೋಗುವುದಿಲ್ಲ. ತಿಂಗಳ ಕೊನೆಗೆ ಒಂದಿಷ್ಟು ದುಡ್ಡು ಲಕೋಟೆಯಲ್ಲಿ ಬರುತ್ತದೆ. ಅದನ್ನು ಅಮ್ಮನ ಕೈಗೆ ಕೊಟ್ಟು, ಬೇಕರಿಗೆ ಹೋಗಿ ಬೆಣ್ಣೆ ಬಿಸ್ಕತ್ತು ತರಬೇಕು ಅಂತ ಬಾಗಿಲಲ್ಲಿ ನಿಲ್ಲುತ್ತಾನೆ.

ದುಡ್ಡಿನ ವಿಷಯವೂ ಬೇಕಲ್ವಾ. ಫೀಸು ನನ್ನ ಸಂಬಳಕ್ಕೆ ಭಾರವೇ. ಮೊದಲು ವ್ಯಾನು ಹಾಕಿದ್ದೆವು. ಅದು ಊರೆಲ್ಲ ಸುತ್ತಿ ಹೋಗುತ್ತಿತ್ತು, ಬಿಟ್ಟೆವು. ಈಗ ಸಿಟಿ ಬಸ್ಸು. ತಮ್ಮನಿಗೆ ಅಂಗವಿಕಲರ ರಿಯಾಯಿತಿ ಪಾಸಿದೆ. ಜೊತೆಗೆ ಹೋಗುವ ನನಗೂ ಅಮ್ಮನಿಗೂ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ. ಸಂಬಳದವರು ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಸಿಗುವ ಆದಾಯ ತೆರಿಗೆ ಕಡಿತವನ್ನು (1961ರ ಕಾಯ್ದೆಯಲ್ಲಿ 80ಡಿಡಿ) ಮರೆಯಬೇಡಿ. ನಿಮ್ಮನ್ನೇ ನಂಬಿಕೊಂಡಿರುವ ತಮ್ಮ ತಂಗಿಯರಿಗೂ ಅದು ಅನ್ವಯಿಸುತ್ತದೆ. ಅಂಗವಿಕಲತೆ 40 ಪರ್ಸೆಂಟ್ ಇದ್ದರೆ 75,000 ರೂಪಾಯಿ, 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ. ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ, ಅದಕ್ಕೇ ನಾನು ಹಳೆಯದರಲ್ಲೇ ಉಳಿದಿದ್ದೇನೆ. ಇನ್ನೊಂದು, ಗಾರ್ಡಿಯನ್‌ಶಿಪ್. ಹದಿನೆಂಟಾದ ಮೇಲೆ ಅಪ್ಪ ಅಮ್ಮನೂ ಕಾನೂನಿನ ಪ್ರಕಾರ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತದೆ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿ. ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ, ಮೊದಲೇ ಮೆಡಿಕಲ್ ಟೆಸ್ಟ್ ಕೇಳುವುದಿಲ್ಲ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ.

ಇಲ್ಲಿವರೆಗೆ ಓದಿದವರಿಗೆ ಇದು ಪೂರ್ತಿ ಹೊಗಳಿಕೆ ಅನ್ನಿಸಬಹುದು. ಮೊದಲ ಏಪ್ರಿಲ್‌ವರೆಗೆ ನಾನೂ ಹೊಗಳುತ್ತಲೇ ಇದ್ದೆ.

ಏಪ್ರಿಲ್‌ನಲ್ಲಿ ಒಂದು ಚೀಟಿ ಬಂತು. ಬೇಸಿಗೆ ರಜೆ, ಜೂನ್‌ನಲ್ಲಿ ಮತ್ತೆ ಆರಂಭ. ಸ್ಕೂಲು ಮಕ್ಕಳಿಗೆ ಕೊಡುವ ಹಾಗೇ ರಜೆ! ಇಲ್ಲಿಗೆ ಬರುವವರಲ್ಲಿ ಮೂವತ್ತು ದಾಟಿದವರಿದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ ಅರವತ್ತು, ಎಪ್ಪತ್ತು. ಒಬ್ಬ ವಯಸ್ಸಾದ ತಾಯಿ ಚೀಟಿ ಹಿಡಿದುಕೊಂಡು, "ನನ್ನ ಮಗ ಯಾವ ಪರೀಕ್ಷೆ ಬರೆದ ಅಂತ ರಜೆ ಕೊಡ್ತಾರಮ್ಮಾ?" ಅಂತ ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ದಿನ ತಮ್ಮ ಎಂದಿನಂತೆ ಬ್ಯಾಗು ಹಾಕಿಕೊಂಡು ಬಾಗಿಲಿಗೆ ಬಂದ. "ಇವತ್ತು ಇಲ್ಲ ಕಣೋ" ಅಂದೆ. ಬ್ಯಾಗು ಇಳಿಸಲಿಲ್ಲ. ಊಟಕ್ಕೆ ಕೂತಾಗಲೂ ಬೆನ್ನ ಮೇಲೇ ಇತ್ತು. ವಾರ ಕಳೆಯುವಷ್ಟರಲ್ಲಿ ನಿದ್ದೆ ಕೆಟ್ಟಿತು, ಗುಂಡಿ ತಿರುವುವುದು ಶುರುವಾಯಿತು, ಎರಡು ಶರ್ಟಿನ ಗುಂಡಿ ಕಿತ್ತುಬಂತು. ಮನೆಯಲ್ಲೂ ಫೋಟೋ ಪಟ್ಟಿ ಮಾಡಿದೆ. ಕವರ್ ಮಡಿಸೋಕೆ ಪೇಪರ್ ತಂದುಕೊಟ್ಟೆ. ನಾನು ಆಫೀಸಿಗೆ ಹೋದ ಮೇಲೆ ಅಮ್ಮ ಒಬ್ಬಳೇ, ಮಂಡಿನೋವಲ್ಲಿ, ಎಷ್ಟು ಅಂತ ಮಾಡುತ್ತಾಳೆ? ಜೂನ್‌ನಲ್ಲಿ ಮತ್ತೆ ಕರೆದುಕೊಂಡು ಹೋದಾಗ ಗೇಟು ದಾಟಲಿಲ್ಲ. ಕುಕ್ಕರಿಗೆ ಮತ್ತೆ ಎರಡೂ ಕೈ ಕಿವಿಗೆ. ಮತ್ತೆ ಒಂದು ಗಂಟೆಯಿಂದ ಶುರು, ಮತ್ತೆ ನಾನು ಕಲ್ಲುಬೆಂಚಿನ ಮೇಲೆ. ಆಫೀಸಿನಲ್ಲಿ ನನ್ನ ರಜೆಯೆಲ್ಲ ಹಿಂದಿನ ವರ್ಷವೇ ಖಾಲಿಯಾಗಿತ್ತು, ಸಂಬಳ ಕಟ್ಟಾಯಿತು.

ಹೊಂದಿಕೊಂಡ ಸ್ವಲ್ಪ ದಿನಕ್ಕೇ ದಸರಾ ರಜೆ. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಆ ಹೊತ್ತಿಗೆ ಊರು ಹೇಗಿರುತ್ತದೆ ಅಂತ. ನಾವಿರುವುದು ಅಗ್ರಹಾರದಲ್ಲಿ. ಅರಮನೆ ಹತ್ತಿರ ಕುಶಾಲತೋಪಿನ ತಾಲೀಮು ನಡೆದರೆ ಮನೆವರೆಗೂ ಕೇಳುತ್ತದೆ. ರಸ್ತೆ ತುಂಬ ಜನ, ದೀಪ, ಮೈಕು. ವರ್ಷದಲ್ಲಿ ತಮ್ಮನಿಗೆ ಒಂದು ಶಾಂತ ಜಾಗ ಜಾಸ್ತಿ ಬೇಕಾಗಿರುವುದೇ ಆಗ. ಆಗಲೇ ಬಾಗಿಲು ಹಾಕಿರುತ್ತದೆ.

ನ್ಯಾಷನಲ್ ಟ್ರಸ್ಟಿನ ವಿಕಾಸ್ ಅಂತ ಒಂದು ಡೇ ಕೇರ್ ಯೋಜನೆ ಇತ್ತು, ಈಗ ಅದನ್ನು ದಿಶಾ ಅನ್ನುವ ಯೋಜನೆ ಜೊತೆ ಸೇರಿಸಿದ್ದಾರೆ. ವಿಕಾಸ್‌ನ ನಿಯಮದಲ್ಲಿ ದಿನಕ್ಕೆ ಕಡಿಮೆ ಅಂದರೂ 6 ಗಂಟೆ, ತಿಂಗಳಿಗೆ 21 ದಿನ ತೆರೆದಿರಬೇಕು ಅಂತ ಬರೆದಿದ್ದರು. ನಮ್ಮ ಕೇಂದ್ರ ಆ ಯೋಜನೆಯಡಿ ನಡೆಯುವುದಿಲ್ಲ. ಆದರೂ ನಾನು ಆ ಸಾಲನ್ನು ಪ್ರಿಂಟ್ ತೆಗೆದು ಮೇಡಂಗೆ ತೋರಿಸಿದೆ. ಅವರ ಕಷ್ಟವನ್ನೂ ಕೇಳಿಸಿಕೊಂಡೆ. ಕಟ್ಟಡ, ಟೀಚರ್‌ಗಳು, ರಜೆ ಪಟ್ಟಿ ಎಲ್ಲ ಪಕ್ಕದ ಸ್ಪೆಷಲ್ ಸ್ಕೂಲಿನದೇ. ಸಂಬಳ ಕಡಿಮೆ, ರಜೆಯಾದರೂ ಸಿಗುತ್ತದೆ ಅಂತ ಟೀಚರ್‌ಗಳು ಉಳಿದಿದ್ದಾರೆ. ಆಯಮ್ಮ ನಂಜನಗೂಡಿನ ಕಡೆಯವರು, ಬೇಸಿಗೆಯಲ್ಲೇ ಊರಿಗೆ ಹೋಗುವುದು. ಅವರಿಗೆ ರಜೆ ಬೇಡ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಆದರೆ ಕುಕ್ಕರ್ ಕೂಗಿಗೆ ಮುಂಚೆ ಹೇಳಬೇಕು ಅಂತ ಗೊತ್ತಿರುವ ಜಾಗ, ಒಂದು ಇಡೀ ತಿಂಗಳು ಇಲ್ಲವಾಗುವುದನ್ನು ಒಂದು ಚೀಟಿಯಲ್ಲಿ ಹೇಳಿ ಮುಗಿಸಬಾರದು. ಸರದಿ ಮೇಲೆ ರಜೆ ಕೊಡಬಹುದಲ್ವಾ? ಆಸ್ಪತ್ರೆ, ಬಸ್ ಡಿಪೋ ಎಲ್ಲ ಹಾಗೇ ನಡೆಯುತ್ತವೆ.

ನಾವು ಕೆಲವು ಮನೆಯವರು ಸೇರಿ ಬಿಡದೆ ಕೇಳಿದೆವು. ಈ ಸಲದ ಬೇಸಿಗೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ತೆರೆದರು. ಒಬ್ಬ ಟೀಚರ್, ಒಬ್ಬರು ಆಯಾ, ಜೊತೆಗೆ ಸರದಿ ಮೇಲೆ ಮನೆಯವರಲ್ಲಿ ಒಬ್ಬರು. ಅದಕ್ಕೆ ಬೇರೆ ಫೀಸು, ನಾವೆಲ್ಲ ಖುಷಿಯಿಂದ ಕೊಟ್ಟೆವು. ನಮ್ಮ ಆಯಮ್ಮ ಊರಿಗೆ ಹೋಗುವ ಮುಂಚೆ ಬದಲಿಗೆ ಬಂದವರಿಗೆ ಮೂರು ಕೂಗಿನ ಲೆಕ್ಕ ಹೇಳಿಕೊಟ್ಟು ಹೋಗಿದ್ದರು. ತಮ್ಮನ ಪಟ್ಟಿಯಲ್ಲಿ ರಜೆ ದಿನಕ್ಕೆ ಅಂತ ಮನೆಯ ತೆಂಗಿನಮರದ ಫೋಟೋ ಸೇರಿಸಿದರು. ಜೂನ್‌ನಲ್ಲಿ ಈ ಸಲ ನಾನು ಬೆಂಚಿನ ಮೇಲೆ ಕೂರಬೇಕಾಗಲಿಲ್ಲ.

ದಸರಾ ರಜೆ ಮಾತ್ರ ಹಾಗೇ ಇದೆ. ಅದಕ್ಕೂ ಅರ್ಜಿ ಕೊಟ್ಟಿದ್ದೇವೆ.

ಸೇರಿಸುವ ಯೋಚನೆಯಲ್ಲಿದ್ದರೆ ಫೀಸು ಕಟ್ಟುವ ಮುಂಚೆ ವರ್ಷದ ರಜೆ ಪಟ್ಟಿ ಬರೆಸಿಕೊಳ್ಳಿ. ರಜೆಯಲ್ಲಿ ಅರ್ಧ ದಿನವಾದರೂ ತೆರೆಯುತ್ತಾರಾ ಕೇಳಿ. ಅಡುಗೆಮನೆ ಎಲ್ಲಿದೆ ನೋಡಿ. ಆಯಮ್ಮನ ಹತ್ತಿರ ಐದು ನಿಮಿಷ ಮಾತಾಡಿ, ಮೇಡಂ ಹತ್ತಿರ ಆಮೇಲೆ. ನಾವಂತೂ ಮುಂದಿನ ವರ್ಷದ ಫೀಸು ಕಟ್ಟಿದ್ದೇವೆ.